ಮಿಸ್ತ್ರಿಯವರು ಬಾರ್ಬೆಕ್ಯೂ ನೋಡಲು ಹೋದದ್ದು

ಓದುವ ಹಿರಿಯರಿಗೂ ಕಿರಿಯರಿಗೂ ಬೈಲಹೊಂಗಲದಿಂದ ಶರಣು. ನಾನು ಬರೆದು ರೂಢಿ ಇರುವ ಮನುಷ್ಯನಲ್ಲ. ಹತ್ತನೆಯ ತರಗತಿ ಪಾಸಾದಾಗ ನನಗೆ ಮೂವತ್ತಾರು ವರ್ಷ. ಪರೀಕ್ಷೆಯ ಕೋಣೆಗೆ ಹೋದಾಗ ಹುಡುಗರು ನನ್ನನ್ನು ಮಾಸ್ತರರೆಂದು ತಿಳಿದು ಎದ್ದು ನಿಂತಿದ್ದರು. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ, ದೀರ್ಘ ಬಿಟ್ಟಿದ್ದರೆ, ನಿಮ್ಮ ಮನೆಯವನೇ ಬರೆದನೆಂದು ತಿಳಿದು ತಿದ್ದಿಕೊಂಡು ಓದಿರಿ.

ನನಗೆ ಅಕ್ಷರ ಕಲಿಸಿದವರು ಈ ಶ್ರಾವಣದಲ್ಲಿ ತೀರಿಕೊಂಡರು. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವರು ಬಾಯ್ಲರ್ ಮಿಸ್ತ್ರಿ. ನಾನು ಅವರ ಕೈಕೆಳಗೆ, ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿನ ಒಲೆಗೆ ದೂಡುವ ಆಳು. ಊರು ಕಿತ್ತೂರು ಎಂದು ಮಾತ್ರ ಹೇಳುತ್ತೇನೆ, ಹೆಸರು ಬರೆಯುವುದಿಲ್ಲ. ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಮಾಡಿದವರಲ್ಲ ಅವರು. ಅವರು ಓದಿ ನೋಡದ ಬರಹದೊಳಗೆ ಅವರ ಹೆಸರು ಹಾಕಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಉದ್ದ ಆಳು, ಬಡಕಲು ಮೈ. ಎಡಗೈ ಮೇಲೆ ಮೊಣಕೈಯವರೆಗೆ ಉಗಿ ಬಡಿದ ಬಿಳಿ ಕಲೆ. ಕಣ್ಣು ಯಾವಾಗಲೂ ಅರ್ಧ ಮುಚ್ಚಿದ ಹಾಗೆ, ಹೊಗೆಯೊಳಗೆ ಏನನ್ನೋ ನೋಡುತ್ತಿರುವ ಹಾಗೆ. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತದ್ದನ್ನು ನಾನು ನೋಡಿಲ್ಲ. ಚಹಾದ ಕಪ್ಪು ಕೈಗೆ ಬಂದರೆ ಮೊದಲು ಅದರ ತಳ ನೋಡುತ್ತಿದ್ದರು. ಹೊರಗೆ ಎಲ್ಲಿ ಉಂಡರೂ ಒಂದು ಮಾತು: "ತಮ್ಮಾ, ಮೊದಲ ನೀ ತಿನ್ನು." ನಾನು ಒಂದು ತುತ್ತು ತಿನ್ನಬೇಕು. ಅವರು ನನ್ನ ಮುಖವನ್ನೇ ನೋಡಬೇಕು. "ಹೆಂಗೈತಿ?" ಅನ್ನಬೇಕು. ನಾನು "ಛಲೋ ಐತ್ರಿ" ಅಂದ ಮೇಲೂ ಒಂದಿಷ್ಟು ಹೊತ್ತು ಬಿಟ್ಟು ಅವರ ಕೈ ತಾಟಿಗೆ ಹೋಗಬೇಕು.

ಒಮ್ಮೆ ನಾನು ಸಿಟ್ಟಿಗೆದ್ದು ಕೇಳಿದ್ದೆ. "ಅಲ್ರೀ ಮಿಸ್ತ್ರಿಯಾರ, ವಿಷಾ ಇದ್ರ ನಾ ಸಾಯ್ಲೇನು?"

"ನಿನ್ನ ಹೊಟ್ಟಿ ಗಟ್ಟಿ ಐತಿ," ಅಂದಿದ್ದರು. ನಗಲಿಲ್ಲ.

ನನ್ನನ್ನು ಅವರು ಹಿಡಿದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಆಗ ನನಗೆ ಓದಲು ಬರೆಯಲು ಬರುತ್ತಿರಲಿಲ್ಲ, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ಪಾಳಿಯಲ್ಲಿ ತಾಸಿಗೊಮ್ಮೆ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ನೋಡಿ ಬುಕ್ಕಿನಲ್ಲಿ ಬರೆಯುವ ಕೆಲಸ ಒಂದು ದಿನ ನನ್ನ ಮೇಲೆ ಬಿತ್ತು. ಮೇಲಿನ ಸಾಲಿನಲ್ಲಿ ಯಾರೋ ಬರೆದದ್ದನ್ನು ಚಿತ್ರ ಬರೆದ ಹಾಗೆ ಕೆಳಗಿನ ಸಾಲಿಗೆ ಇಳಿಸಿದೆ. ಎಂಟು ತಾಸು, ಎಂಟು ಸಾಲು. ಮಿಸ್ತ್ರಿಯವರು ಬಂದು ಬುಕ್ಕು ನೋಡಿದರು.

"ಎಂಟ ತಾಸಿನಾಗ ಮುಳ್ಳು ಒಂದ ಸಲಾನೂ ಅಳ್ಳಾಡಿಲ್ಲೇನೋ?"

"ಇಲ್ರೀ."

"ಅಳ್ಳಾಡದ ಮುಳ್ಳು ಕೆಟ್ಟಿರತೈತಿ, ಇಲ್ಲಾ ನೋಡಾವ ಕೆಟ್ಟಿರತಾನ. ನೀ ಯಾವುದು?"

ನಾನು ಅತ್ತುಬಿಟ್ಟೆ. ಅವರು ಯಾರಿಗೂ ಹೇಳಲಿಲ್ಲ. ಮರುದಿನದಿಂದ ಊಟದ ಬಿಡುವಿನಲ್ಲಿ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ನೆಲದ ಬೂದಿಯ ಮೇಲೆ ಬೆರಳಿನಿಂದ ಅ, ಆ ಬರೆಸಿದರು. ಅಷ್ಟು ಮಾಡಿದವರು ನನ್ನನ್ನು ಪೂರ್ತಿ ನಂಬಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಬರೆದ ಬುಕ್ಕನ್ನು ಅವರು ನಿವೃತ್ತಿಯಾಗುವ ದಿನದವರೆಗೂ ತಾವೇ ಒಮ್ಮೆ ಮುಳ್ಳು ನೋಡಿ ತಾಳೆ ಹಾಕುತ್ತಿದ್ದರು.

ಬಾಯ್ಲರಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸಲು ಹೊರಗೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗಿನ ನೀರಿನ ಮಟ್ಟವೇ ಕೊಳವೆಯಲ್ಲೂ ಕಾಣುತ್ತದೆ. ಆದರೆ ನಡುವಿನ ದಾರಿಯಲ್ಲಿ ಕಸ ಕಟ್ಟಿದರೆ ಒಳಗೆ ನೀರು ಬತ್ತಿದರೂ ಗಾಜಿನಲ್ಲಿ ಹಳೆಯ ನೀರು ಹಾಗೆಯೇ ನಿಂತು ಎಲ್ಲಾ ಸರಿಯಿದೆ ಎಂದು ತೋರಿಸುತ್ತದೆ. ಅದಕ್ಕೇ ಪ್ರತಿ ಪಾಳಿಯಲ್ಲಿ ಕೆಳಗಿನ ನಳ ತೆರೆದು ಗಾಜಿನ ನೀರನ್ನೆಲ್ಲ ಹೊರಗೆ ಬಿಡಬೇಕು. ನಳ ಮುಚ್ಚಿದ ಕೂಡಲೇ ನೀರು ಜಿಗಿದು ಮೊದಲಿನ ಮಟ್ಟಕ್ಕೆ ಬಂದರೆ ಗಾಜು ಖರೆ. ಬರದಿದ್ದರೆ, ಇಲ್ಲವೆ ತಡಮಾಡಿ ತೆವಳುತ್ತ ಬಂದರೆ, ಗಾಜು ಸುಳ್ಳು.

ಮಿಸ್ತ್ರಿಯವರು ಮನುಷ್ಯರಿಗೂ ಇದನ್ನೇ ಮಾಡುತ್ತಿದ್ದರು. ಹೊಸಬರು ಬಂದರೆ ಬೇಕೆಂದೇ ಚುಚ್ಚಿ ಮಾತಾಡಿ ಸಿಟ್ಟಿಗೆಬ್ಬಿಸುತ್ತಿದ್ದರು. ಆಮೇಲೆ ಸುಮ್ಮನೆ ಕೈಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಸಿಟ್ಟೇ ಬರದವನನ್ನು ನಂಬುತ್ತಿರಲಿಲ್ಲ. ಸಿಟ್ಟು ಬಂದು ಇಳಿಯದವನನ್ನೂ ನಂಬುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಇದು ನಡೆಯಿತು. ಮನೆಯಲ್ಲಿ ನಡೆಯಲಿಲ್ಲ. ಅವರಿಗೆ ಒಬ್ಬಳೇ ಮಗಳು, ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ತಾಯಿ ತೀರಿಹೋಗಿ ಬಹಳ ವರ್ಷ. ಮಗಳನ್ನು ನೋಡಲು ಬಂದ ಮೊದಲ ಹುಡುಗನನ್ನು ಮಿಸ್ತ್ರಿಯವರು ಹತ್ತು ರೀತಿ ಚುಚ್ಚಿದರು. ಅವನು ಎಲ್ಲದಕ್ಕೂ ನಕ್ಕ. "ಗಾಜಿನಾಗ ನೀರ ಅಳ್ಳಾಡಲಿಲ್ಲ" ಎಂದು ಬೇಡ ಅಂದರು. ಆ ಹುಡುಗ ಈಗ ಬೈಲಹೊಂಗಲದಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ, ಬಂಗಾರದಂಥ ಮನುಷ್ಯ, ಸ್ವಭಾವವೇ ನಗುವುದು. ಎರಡನೆಯವನು ಸಿಟ್ಟಿಗೆದ್ದು ಚಹಾ ಬಿಟ್ಟು ಎದ್ದು ಹೋದ. ಅವನನ್ನು ಬೇಡ ಅಂದದ್ದು ಸರಿಯೇ ಇರಬಹುದು. ಆದರೆ ಮಗಳಿಗೆ ಮೂವತ್ತೊಂದಾಯಿತು.

ಮೂರನೆಯ ಸಂಬಂಧ ಬಂದಾಗ ಅವಳು ತಂದೆಯ ಮುಂದೆ ನಿಂತು ಹೇಳಿದಳು. ನಾನು ಅಲ್ಲೇ ಇದ್ದೆ.

"ಅಪ್ಪಾ, ಮನುಷ್ಯಾರು ಬಾಯ್ಲರ್ ಅಲ್ಲ. ಆದ್ರೂ ನಿನ್ನ ಪದ್ಧತಿ ನಿನಗ ಇರಲಿ. ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹೂಂ. ಉಹೂಂ ಅಂದ್ರ ಇದ ಕಡೀದು. ಮುಂದ ಯಾರನೂ ಮನಿಗೆ ಕರೀಬ್ಯಾಡ, ನಾ ಸೀರಿ ಉಟ್ಟು ಚಹಾ ತರಂಗಿಲ್ಲ."

ಹುಡುಗನನ್ನು ಅವಳು ಒಂದು ಬಳಗದ ಮದುವೆಯಲ್ಲಿ ನೋಡಿದ್ದಳು. ಅಡುಗೆಯ ಉಸ್ತುವಾರಿ ಅವನದೇ ಇತ್ತು. ಅವನ ಬಗ್ಗೆ ಅವಳು ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಹೇಳದೆ ಇದ್ದದ್ದರಿಂದಲೇ ನನಗೆ ತಿಳಿಯಿತು. ಮಿಸ್ತ್ರಿಯವರಿಗೂ ತಿಳಿದಿರಬೇಕು, ಅವರ ಮುಖ ಸಣ್ಣದಾಗಿತ್ತು.

ಹುಡುಗ ಪುಣೆಯಲ್ಲಿ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ ತಿರುಗಿ ಬಂದು, ಸವದತ್ತಿ ದಾಟಿ ರಾಮದುರ್ಗದ ದಾರಿಯಲ್ಲಿ ಬಾರ್ಬೆಕ್ಯೂ ಎಂಬ ಹೋಟೆಲು ತೆರೆದಿದ್ದ. ಆ ಶಬ್ದವೇ ಮಿಸ್ತ್ರಿಯವರಿಗೆ ಸೇರಲಿಲ್ಲ. ಮಗಳ ಶಾಲೆಯ ಸಿಪಾಯಿಯನ್ನು ಕೇಳಿದರಂತೆ, ಅವನು "ಮಾಂಸಾ ಸುಟ್ಟು ಕೊಡೂದ್ರಿ" ಅಂದನಂತೆ. ಬೋರ್ಡಿನಲ್ಲಿ ಶುದ್ಧ ಶಾಕಾಹಾರಿ ಎಂದು ಬರೆದಿದ್ದಾರೆಂದು ಸಂಬಂಧ ತಂದವರು ಹೇಳಿದರು. ಇವರದು ಮೊಟ್ಟೆಯನ್ನೂ ಮುಟ್ಟದ ಮನೆತನ. ಹುಡುಗನದೂ ಅದೇ.

"ಶುದ್ಧ ಇದ್ದಾವ ಶುದ್ಧ ಅಂತ ಯಾಕ ಬರೀಬೇಕು?" ಎಂದು ಮಿಸ್ತ್ರಿಯವರು ನನ್ನನ್ನು ಕೇಳಿದರು. "ನಮ್ಮ ಬಾಗಲಕ್ಕ ಬರದೇವೇನು?"

ಹೇಳದೆ ಕೇಳದೆ ಗಿರಾಕಿಗಳ ಹಾಗೆ ಹೋಗುವುದೆಂದಾಯಿತು. ಯಾರಾದರೂ ಕೇಳಿದರೆ ರಾಮದುರ್ಗಕ್ಕೆ ಎತ್ತು ನೋಡಲು ಹೊರಟಿದ್ದೇವೆ. ಹೊರಡುವ ಮೊದಲು ಒಂದು ತಾಕೀತು ಕೊಟ್ಟರು. "ಸಿಹಿ ಏನ ಕೊಟ್ರೂ ಬಾಯಾಗ ಹಾಕೂದಿಲ್ಲ." ನಮ್ಮ ಕಡೆ ಹೆಣ್ಣುಗಂಡಿನ ಮಾತು ನಡೆಯುವಾಗ ಒಪ್ಪಿಗೆ ಆಗುವ ತನಕ ಒಬ್ಬರ ಸಿಹಿ ಒಬ್ಬರು ತಿನ್ನುವುದಿಲ್ಲ. ಸಕ್ಕರೆಯಾಗಲಿ ಬೆಲ್ಲವಾಗಲಿ ಬಾಯಿಗೆ ಬಿದ್ದರೆ ಮಾತು ಕೊಟ್ಟ ಹಾಗೆ. ಖಾರದ ಅವಲಕ್ಕಿ, ಚಹಾ ನಡೆಯುತ್ತದೆ. ಮಿಸ್ತ್ರಿಯವರು ಚಹಾವನ್ನೂ ಸಕ್ಕರೆ ಇಲ್ಲದೆ ಕೇಳುತ್ತಿದ್ದರು.

ಜೋಳ ಹಾಲುಗಾಳು ಕಟ್ಟುವ ಚಳಿಗಾಲ, ಒಂದು ರವಿವಾರ. ಅವರು ಕಿತ್ತೂರಿನಿಂದ ಬಸ್ಸಿಗೆ ಬೈಲಹೊಂಗಲಕ್ಕೆ ಬಂದರು. ನನ್ನ ಮೋಟರ್‌ಸೈಕಲ್ಲಿನ ಎರಡೂ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹತ್ತಿದರು. ಮುನವಳ್ಳಿಯಲ್ಲಿ ಚಹಾ ಕುಡಿದೆವು. ಸವದತ್ತಿ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಹೋಟೆಲು ಇನ್ನೂ ಕಂಡಿಲ್ಲ, ಹಿಂದಿನಿಂದ ನನ್ನ ಭುಜ ತಟ್ಟಿದರು. "ನಿಂದ್ರಸು."

ಇಳಿದು ರಸ್ತೆಯ ಬದಿಗೆ ನಿಂತು ಮೂಗೆತ್ತಿ ಗಾಳಿ ಎಳೆದರು. ಹೊಗೆಯ ವಾಸನೆಯ ಮೇಲೆ ಒಲೆಯೊಳಗೆ ಏನಿದೆ ಎಂದು ಹೇಳುವವರು ಅವರು. ನನಗೆ ಏನೂ ಬರಲಿಲ್ಲ.

"ಏನ್ರೀ, ಮಾಂಸ ಏನು?"

"ಅಲ್ಲ. ಇದ್ದಲೀನೂ ಅಲ್ಲ. ಬ್ಯಾರೆ ಏನೋ ಸುಡಾಕ ಹತ್ತ್ಯಾರ." ಎಂದು ಮತ್ತೆ ಗಾಡಿ ಹತ್ತಿದರು.

ಹೋಟೆಲು ಅಚ್ಚುಕಟ್ಟಾಗಿತ್ತು. ಸುತ್ತ ಜೋಳದ ಹೊಲ, ನಡುವೆ ತಗಡಿನ ಮಾಡು, ಎಂಟು ಟೇಬಲ್ಲು. ಬೋರ್ಡಿನ ಮೇಲೆ ದೊಡ್ಡದಾಗಿ: ಶುದ್ಧ ಶಾಕಾಹಾರಿ ಬಾರ್ಬೆಕ್ಯೂ, ಇದ್ದಿಲಿನ ಕೆಂಡದ ಮೇಲೆ ಸುಟ್ಟದ್ದು. ಮಿಸ್ತ್ರಿಯವರು ಬೋರ್ಡನ್ನು ಎರಡು ಸಲ ಓದಿದರು.

ಹುಡುಗ ತಾನೇ ಬಂದ. ಮೂವತ್ತೈದರ ಆಸುಪಾಸು, ಕಪ್ಪು ಏಪ್ರನ್, ಗಡ್ಡ ಟ್ರಿಮ್ ಮಾಡಿಸಿದ್ದ. ನಮ್ಮ ಟೇಬಲ್ಲಿನ ನಡುವಿನ ತೂತಿನೊಳಗೆ ಕೆಂಡದ ತಟ್ಟೆ ಇಳಿಸಿ, ಮೇಲೆ ಜಾಳಿಗೆ ಇಟ್ಟ. "ಮೊದಲ ಸಲ ಬಂದೀರೇನ್ರೀ ಸರ್?"

"ಹೌದು. ಎತ್ತ ನೋಡಾಕ ಹೊಂಟೇವಿ," ಅಂದರು ಮಿಸ್ತ್ರಿಯವರು. ಯಾರೂ ಕೇಳಿರಲಿಲ್ಲ.

ಕಡ್ಡಿಗಳಿಗೆ ಚುಚ್ಚಿದ ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ, ಪನೀರು, ಅಣಬೆ ಬಂದವು. ಸುಟ್ಟ ಬದನೆಕಾಯಿಯ ಭರ್ತ, ಜೋಳದ ರೊಟ್ಟಿ ಬಂದವು. ಮಿಸ್ತ್ರಿಯವರು ಅಣಬೆಯನ್ನು ಕಡ್ಡಿಯಿಂದ ಜಗ್ಗಿ, ಉಗುರಿನಿಂದ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡಿದರು.

"ಇದೇನು? ಮೆತ್ತಗೈತಿ."

"ಅಣಬಿ ಸರ್."

"ಅಣಬಿ ಇಷ್ಟ ದಪ್ಪ ಇರತೈತಿ?"

"ಇದ ಬ್ಯಾರೆ ಜಾತೀದು ಸರ್. ಬೆಳಗಾವಿಯಿಂದ ತರಸ್ತೇವಿ."

"ತಮ್ಮಾ, ಮೊದಲ ನೀ ತಿನ್ನು." ಇದು ನನಗೆ. ತಿಂದೆ. "ಹೆಂಗೈತಿ?" "ಛಲೋ ಐತ್ರಿ." ಖರೆ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ನಾನು ಅಣಬೆ ತಿಂದದ್ದು ಅದೇ ಮೊದಲು. ಅದು ಅಣಬೆಯೇ ಎಂದು ಆಣೆ ಮಾಡಿ ಹೇಳುವಷ್ಟು ನನಗೆ ತಿಳಿಯದು.

ಆಮೇಲೆ ಮಿಸ್ತ್ರಿಯವರು ನಳ ಬಿಟ್ಟರು. ಪನೀರು ರಬ್ಬರಿನ ಹಾಗಿದೆ ಎಂದು ಕಳಿಸಿದರು. ಹುಡುಗ "ಸಾರಿ ಸರ್" ಎಂದು ಬೇರೆ ತಂದ. ನೀರಿಗೆ ವಾಸನೆ ಇದೆ ಅಂದರು, ಬೇರೆ ತಂದ. ಮೊದಲು ಎಲ್ಲಿದ್ದೆ ಎಂದು ಕೇಳಿ, ಅವನು ಪುಣೆ ಅಂದ ಕೂಡಲೇ ಅಲ್ಲಿ ತಾಟು ತೊಳೆಯುತ್ತಿದ್ದೆಯಾ ಅಂದರು. "ಮೊದಲ ವರ್ಷ ಹೌದ್ರಿ ಸರ್," ಎಂದು ನಕ್ಕ. ಸುಟ್ಟ ಅನಾನಸ್ ಹೋಳಿನ ಮೇಲೆ ಸಕ್ಕರೆ ಉದುರಿಸಿ ತಂದಾಗ ಮುಟ್ಟದೆ ದೂಡಿದರು. "ಸಿಹಿ ಬ್ಯಾಡ. ನೀ ಗಿರಾಕಿಗೆ ಕೇಳದ ತರತೀಯೇನು?" ಅದಕ್ಕೂ ಸಾರಿ.

ಅವನು ಒಳಗೆ ಹೋದ ಮೇಲೆ ಮಿಸ್ತ್ರಿಯವರು ನನ್ನ ಕಡೆ ಬಾಗಿದರು. ಮೊದಲ ಹುಡುಗನ ದಿನ ಇದ್ದಂಥದೇ ಮುಖ. "ಅಳ್ಳಾಡವಲ್ಲ. ಪುಣೇದಾಗ ಕಲಿಸಿದ ನಗು ಅದು. ಒಳಗ ಏನೈತಿ ಕಾಣವಲ್ತು."

"ಅದ ಅವರ ಧಂದೇರಿ ಮಿಸ್ತ್ರಿಯಾರ. ಗಿರಾಕಿ ಜೋಡಿ ಜಗಳಾಡಾಕ ಬರತೈತೇನು?"

"ಹಂಗಾರ ಇನ್ನೊಂದು ಹೇಳು. ಈ ಕೆಂಡದ ಮ್ಯಾಲ ಬದನಿಕಾಯಿ ಸುಟ್ರ ಈ ರುಚಿ ಬರತೈತಿ?" ಭರ್ತವನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಇಲ್ಲಿ ಸುಟ್ಟಿಲ್ಲ ಇದು. ಹಿಂದ ಎಲ್ಲೋ ಇನ್ನೊಂದ ಒಲಿ ಐತಿ. ಅದರ ಹೊಗೀನ ನನಗ ರಸ್ತೇದಾಗ ಬಡದದ್ದು. ಮುಂದ ತೋರಸೂದು ಒಂದು, ಹಿಂದ ಒಂದು. ಆ ಒಲೀ ಮ್ಯಾಲ ಬ್ಯಾರೆ ಏನ ಸುಡತಾನ ಯಾರಿಗ್ಗೊತ್ತು?"

ನನ್ನ ಬಾಯಿಯೊಳಗಿನ ಅಣಬೆಯ ರುಚಿ ಒಮ್ಮೆಲೇ ಕೆಟ್ಟುಹೋಯಿತು.

ಕೈ ತೊಳೆಯುವ ನೆವದಿಂದ ಮಿಸ್ತ್ರಿಯವರು ಹಿಂದಕ್ಕೆ ಹೊರಟರು, ಬೆನ್ನಿಗೆ ನಾನು. ತೊಟ್ಟಿ ದಾಟಿದರೆ ಬೇವಿನ ಗಿಡದ ಕೆಳಗೆ ಸಣ್ಣದೊಂದು ತಗಡಿನ ಶೆಡ್ಡು. ಬಾಗಿಲ ಜಾಗದಲ್ಲಿ ಗೋಣಿಚೀಲದ ಪರದೆ. ಅದರ ಸಂದಿಯಿಂದ ಹೊಗೆ ಬರುತ್ತಿತ್ತು. ನಾವು ಇನ್ನೂ ನಾಲ್ಕು ಹೆಜ್ಜೆ ದೂರ ಇರುವಾಗಲೇ ಹುಡುಗ ಓಡಿ ಬಂದು ಅಡ್ಡ ನಿಂತ.

"ಸರ್, ಅತ್ತಾಗ ಹೋಗಬ್ಯಾಡ್ರಿ. ಅಲ್ಲಿ ಗಿರಾಕಿಗೆ ಬಿಡೂದಿಲ್ಲ."

"ಯಾಕ? ಏನೈತಿ ಅಲ್ಲಿ?"

"ಏನಿಲ್ರೀ."

"ಏನಿಲ್ಲಂದ್ರ ಹೊಗಿ ಹೆಂಗ ಬಂತು? ಏನ ಸುಡಾಕ ಹತ್ತೀಯಪಾ ಒಳಗ, ಶುದ್ಧ ಶಾಕಾಹಾರಿ?" ಎನ್ನುತ್ತ ಮಿಸ್ತ್ರಿಯವರು ಪರದೆಗೆ ಕೈ ಹಾಕಿದರು.

ಹುಡುಗ ಅವರ ಮಣಿಕಟ್ಟು ಹಿಡಿದ. ಕಲೆ ಇದ್ದ ಎಡಗೈಯೇ. ಅವನ ನಗು ಎಲ್ಲಿ ಹೋಯಿತೋ.

"ಬಂದಾಗಿಂದ ನೋಡಾಕ ಹತ್ತೇನಿ. ಅಣಬಿ ಹರದ ನೋಡಿದ್ರಿ, ನೀರ ಮೂಸಿ ನೋಡಿದ್ರಿ, ತಾಟ ತೊಳ್ಯಾಂವ ಅಂದ್ರಿ. ಎಲ್ಲಾ ತಡಕೊಂಡ್ನಿ. ನೀವು ಉಣ್ಣಾಕ ಬಂದೀರೋ, ಜಪ್ತಿ ಮಾಡಾಕ ಬಂದೀರೋ? ಒಳಗ ನಮ್ಮವ್ವ ಅದಾಳ. ಹೆಣ್ಣಮಗಳ ಕುಂತಲ್ಲೆ ಹಿಂಗ ನುಗ್ಗತಾರೇನು? ನಿಮ್ಮ ರೊಕ್ಕಾನೂ ಬ್ಯಾಡ, ಏನೂ ಬ್ಯಾಡ. ಎತ್ತ ನೋಡಾಕ ಹೊಂಟೀರಲ್ಲ, ಹೋಗ್ರಿ. ಅದರ ಹಲ್ಲ ಹಿಡದ ನೋಡ್ರಿ."

ಕೈ ಕೊಡವಿ ಬಿಟ್ಟು ತೊಟ್ಟಿಯ ಕಡೆ ಹೋದ. ಮುಗಿಯಿತು ಅಂದುಕೊಂಡೆ. ಇದು ಕಡೆಯದು ಎಂದ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಮಿಸ್ತ್ರಿಯವರನ್ನು ನೋಡಿದರೆ ಅವರು ಕೈಗಡಿಯಾರ ನೋಡುತ್ತಿದ್ದರು.

ಹುಡುಗ ತೊಟ್ಟಿಯ ನೀರನ್ನು ಮುಖಕ್ಕೆ ಎರಡು ಸಲ ಬಡಿದುಕೊಂಡ. ಸ್ವಲ್ಪ ಹೊತ್ತು ಬೆನ್ನು ಮಾಡಿ ನಿಂತ. ಆಮೇಲೆ ಒಂದು ತಂಬಿಗೆ ನೀರು ತುಂಬಿಕೊಂಡು ತಿರುಗಿ ಬಂದ.

"ನೀರ ಕುಡೀರಿ ಕಾಕಾರ. ಕೈ ಹಿಡಿಬಾರದಿತ್ತು, ನಂದ ತಪ್ಪಾತು. ಆದ್ರ ಅವ್ವನ ಕಡೆ ನೀವೂ ಹಂಗ ಹೋಗಬಾರದಿತ್ತು. ಅದನ್ನ ನಾ ಬಿಟ್ಟ ಕೊಡಂಗಿಲ್ಲ."

ಅಲ್ಲಿಯವರೆಗೆ ಸರ್ ಅನ್ನುತ್ತಿದ್ದವನು ಈಗ ಕಾಕಾ ಅಂದ. ಮಿಸ್ತ್ರಿಯವರು ತಂಬಿಗೆ ಎತ್ತಿ ಗಟಗಟ ಕುಡಿದರು. ನನಗೆ ಮೊದಲು ಕುಡಿ ಅನ್ನಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ, ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು.

"ಬಿಡೋ ಅವರನ್ನ, ಒಳಗ ಬರಲಿ," ಎಂದು ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಬಂತು.

ಒಳಗೆ ಮಾಂಸ ಇರಲಿಲ್ಲ. ನೆಲದಲ್ಲಿ ತಗ್ಗು ತೋಡಿ ಕುಳ್ಳು ಹೊತ್ತಿಸಿದ್ದರು. ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಬೂದಿಗೆಂಡ. ಅದರಲ್ಲಿ ಬದನೆಕಾಯಿ, ಈರುಳ್ಳಿ, ಹಸಿಮೆಣಸಿನಕಾಯಿ ಹುಗಿದಿದ್ದವು. ಪಕ್ಕದಲ್ಲಿ ಅರವತ್ತು ದಾಟಿದ ತಾಯಿ ಕುಳಿತು ಹಾಲುಗಾಳಿನ ಜೋಳದ ತೆನೆ ಸುಡುತ್ತಿದ್ದಳು. ನಮ್ಮ ಕಡೆ ಅದಕ್ಕೆ ಸೀತನಿ ಎನ್ನುತ್ತಾರೆ, ಚಳಿಗಾಲದಲ್ಲಿ ಹೊಲದಲ್ಲೇ ಸುಟ್ಟು ಉಜ್ಜಿ ತಿನ್ನುವುದು.

ಮಿಸ್ತ್ರಿಯವರು ತಗ್ಗಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. "ಕುಳ್ಳು," ಅಂದರು. "ಅದ ಅಂದ್ನಿ. ಬೋರ್ಡಿನ ಮ್ಯಾಲ ಇದ್ದಲಿ ಅಂತ ಬರದೀಯಲ್ಲಪಾ?"

ಹುಡುಗ ತಲೆ ತಗ್ಗಿಸಿದ. "ಸಗಣಿ ಬೆಂಕಿ ಮ್ಯಾಲ ಸುಟ್ಟದ್ದು ಅಂತ ಬರದ್ರ ಹುಬ್ಬಳ್ಳಿ ಮಂದಿ ಕಾರ್ ನಿಂದ್ರಸ್ತಾರೇನ್ರೀ ಕಾಕಾರ? ಇದ್ದಲಿ ಮ್ಯಾಲ ಸುಟ್ಟ ನೋಡಿದ್ನಿ, ಈ ರುಚಿ ಬರಲಿಲ್ಲ."

"ಅದಕ್ಕ ಅವ್ವನ್ನ ಹೊಗ್ಯಾಗ ಕುಂಡರಿಸಿ ಪರದೆ ಹಾಕೀದಿ."

"ಅವ ಕುಂಡರಿಸಿಲ್ರೀ ಅಣ್ಣಾರ," ಅಂದಳು ತಾಯಿ. "ನಾನ ಮುಂದ ಬರಂಗಿಲ್ಲ ಅಂದೇನಿ. ಆದ್ರ ಪರದೆ ಅವಂದ. ಅದರ ಬಗ್ಗೆ ನಮ್ಮಿಬ್ಬರದೂ ದಿನಾ ಜಗಳ ಐತಿ." ಮಾತಾಡುತ್ತಲೇ ಬಿಸಿ ತೆನೆಯನ್ನು ಅರಿವೆಯಲ್ಲಿ ಉಜ್ಜಿ, ಹಸಿರು ಕಾಳನ್ನು ಕೇರಿ, ಅದಕ್ಕೊಂದು ಬೆಲ್ಲದ ಚೂರು ಸೇರಿಸಿ ನನ್ನ ಅಂಗೈಗೆ ಹಾಕಿದಳು. ಇನ್ನೊಂದು ಹಿಡಿಯನ್ನು ಮಿಸ್ತ್ರಿಯವರ ಅಂಗೈಗೆ.

ಸೀತನಿ ಕೈಗೆ ಬಂದರೆ ಬಿಸಿ ಇರುವಾಗಲೇ ಬಾಯಿಗೆ ಹಾಕಿಕೊಳ್ಳುವುದು ಸಣ್ಣವನಿದ್ದಾಗಿನಿಂದ ಬಂದ ರೂಢಿ. ಹಾಕಿಕೊಂಡೆ, ಜಗಿದೆ, ನುಂಗಿದೆ. ಬೆಲ್ಲ ಗಂಟಲಲ್ಲಿ ಇಳಿಯುವಾಗ ತಾಕೀತು ನೆನಪಾಯಿತು. ಮಿಸ್ತ್ರಿಯವರು ಮುಷ್ಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

"ನುಂಗಿದೇನು?"

"ನುಂಗಿದ್ನಿರಿ."

"ನಿಂದು ನಡ್ಯಂಗಿಲ್ಲ. ನೀ ಏನ ಹುಡಗಿ ಸೋದರಮಾವ ಅಲ್ಲ."

ಹುಡುಗಿ ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು. ಯಾರ ಮುಂದೆಯೂ ಬಾಯಿ ತಪ್ಪದ ಮನುಷ್ಯ ಅವತ್ತು ತಪ್ಪಿದರು. ಹುಡುಗ ಅವರನ್ನೂ ನನ್ನನ್ನೂ ಕಣ್ಣು ಬಿಟ್ಟು ನೋಡಿದ. ತಾಯಿ ಮಾತ್ರ ಇನ್ನೊಂದು ತೆನೆ ಕೆಂಡಕ್ಕೆ ಇಟ್ಟಳು.

"ಕಿತ್ತೂರಿನವರಂತ ನನಗ ಆವಾಗ ಗೊತ್ತಾತ್ರಿ. ಬಾಜೂದವರಿಗೆ ಮೊದಲ ತಿನ್ನಸ್ತಾರ ಅಂತ ಸಂಬಂಧ ತಂದವರು ಹೇಳಿದ್ರು. ಈ ಪರದೇದಾಗ ತೂತು ಐತಿ. ನೀವು ನನ್ನ ಮಗನ್ನ ನೋಡಾಕ ಹತ್ತಿದ್ರಿ, ನಾ ನಿಮ್ಮನ್ನ ನೋಡಾಕ ಹತ್ತಿದ್ನಿ. ಇಂಥಾ ಅಪ್ಪನ ಕೈಯಾಗ ಬೆಳದ ಹುಡಗಿ ನನ್ನ ಮಗನ ಮಾತ ಒಂದರ ನಂಬತಾಳೋ ಇಲ್ಲೋ ಅಂತ ನನಗೂ ಸಂಶೆ ಐತ್ರಿ. ಬೆಲ್ಲ ಬೇಕಂತನ ಕೊಟ್ಟೇನಿ. ತಿನ್ರಿ, ಇಲ್ಲಾ ಬೆಂಕ್ಯಾಗ ಹಾಕ್ರಿ. ಕೈಯಾಗ ಹಿಡಕೊಂಡ್ರ ಕರಗತೈತಿ."

ಮಿಸ್ತ್ರಿಯವರು ಹೆಗಲ ಮೇಲಿನ ಟಾವೆಲ್ಲಿನ ತುದಿಯಲ್ಲಿ ಕಾಳನ್ನೂ ಬೆಲ್ಲವನ್ನೂ ಹಾಕಿ ಗಂಟು ಕಟ್ಟಿದರು. "ತಿನ್ನಾವರು ಮನ್ಯಾಗದಾರ," ಎಂದು ಎದ್ದರು.

ಬೈಲಹೊಂಗಲದಲ್ಲಿ ಬಸ್ಸಿಗೆ ಬಿಡುತ್ತೇನೆಂದರೆ ಬೇಡವೆಂದರು, ಕಿತ್ತೂರಿನವರೆಗೂ ಗಾಡಿಯ ಮೇಲೆಯೇ ಬಂದರು. ಒಂದು ಕೈ ಟಾವೆಲ್ಲಿನ ಗಂಟಿನ ಮೇಲೆ ಇತ್ತು. ಇನ್ನೂ ಬಿಸಿಲಿರುವಾಗಲೇ ಮನೆ ಮುಟ್ಟಿದೆವು. ಮಗಳು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಳು. ನಮ್ಮನ್ನು ನೋಡಿ ಪೆನ್ನಿಗೆ ಟೊಪ್ಪಿಗೆ ಹಾಕಿದಳು. ಹೂಂ ಎಂದೋ ಉಹೂಂ ಎಂದೋ ಕೇಳಲು ತಯಾರಾಗಿ ಕುಳಿತಳು.

ಮಿಸ್ತ್ರಿಯವರು ಎರಡನ್ನೂ ಅನ್ನಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿದರು. ಬೋರ್ಡಿನ ಮೇಲೆ ಸುಳ್ಳು ಇದೆ ಅಂದರು. ತಾಯಿಗೆ ಪರದೆ ಹಾಕಿದ್ದಾನೆ ಅಂದರು. ತಮ್ಮ ಕೈ ಹಿಡಿದ, ಸಿಟ್ಟು ಇದೆ ಅಂದರು. ತಾವು ಅವನಿಗೆ ಅಂದದ್ದನ್ನೂ ಮುಚ್ಚದೆ ಹೇಳಿದರು. ಅವಳು ತಲೆ ತಗ್ಗಿಸಿ ಕೇಳಿದಳು. ಅವಳ ಬೆರಳು ಕಾಗದದ ಅಂಚನ್ನು ಮಡಚುತ್ತಿತ್ತು.

"ಅಂದ್ರ ಉಹೂಂ," ಅಂದಳು.

"ನಾ ಹಂಗ ಅಂದ್ನೇನು? ನಳ ಬಿಟ್ಟು ನೋಡಿದ್ನಿ. ನೀರ ಹೋತು, ವಾಪಸ್ ಬಂತು. ನನಗ ನೋಡಾಕ ಬರೂದು ಅಷ್ಟ. ಬೀಜದಂಗಡಿ ಹುಡುಗನ್ನೂ ನೋಡಿ ಹೇಳಿದ್ನಲ್ಲ, ಏನಾತು?" ಆ ಮಾತನ್ನು ಅವರು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಟಾವೆಲ್ಲಿನ ಗಂಟು ಬಿಚ್ಚಿ ಅವಳ ಮುಂದೆ ಇಟ್ಟರು. ಕಾಳು ಒಣಗಿ ಮುದುಡಿದ್ದವು, ಬೆಲ್ಲ ಬಟ್ಟೆಗೆ ಅಂಟಿತ್ತು. "ಅವರ ತಾಯಿ ಕೊಟ್ಟದ್ದು. ಬೇಕಂತನ ಕೊಟ್ಟದ್ದು. ತಿನ್ನು, ಇಲ್ಲಾ ಚೆಲ್ಲು. ಈ ಸಲ ನಾ ಏನೂ ಅನ್ನಂಗಿಲ್ಲ."

ಅವಳು ನನ್ನ ಕಡೆ ನೋಡಿದಳು. "ಕಾಕಾ, ನೀವು ತಿಂದ್ರೇನ್ರಿ?"

"ತಿಂದ್ನಿವಾ."

"ಹೆಂಗಿತ್ತು?"

ತಂದೆ ಕೇಳುವ ಹಾಗೆಯೇ ಕೇಳಿದಳು, ಮುಖವನ್ನೇ ನೋಡುತ್ತ. ಎಷ್ಟೋ ವರ್ಷ ಎಷ್ಟೋ ಹೋಟೆಲಿನಲ್ಲಿ ಯೋಚಿಸದೆ ಹೇಳಿದ ಉತ್ತರವನ್ನು ಅವತ್ತು ಯೋಚಿಸಿ ಹೇಳಿದೆ. "ಸ್ವಲ್ಪ ಹೊಗಿ ವಾಸನಿ ಐತಿ. ಛಲೋ ಐತಿ."

ಅವಳು ಬೆಲ್ಲವನ್ನು ಬಟ್ಟೆಯಿಂದ ಬಿಡಿಸಿ ಕಾಳಿನ ಜೊತೆ ಬಾಯಿಗೆ ಹಾಕಿಕೊಂಡಳು. ಮಿಸ್ತ್ರಿಯವರು ಅವಳು ಜಗಿಯುವುದನ್ನು ನೋಡಿದರು, ನುಂಗುವುದನ್ನು ನೋಡಿದರು. ಆಮೇಲೆ ಟಾವೆಲ್ಲಿನಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ತಾವೂ ಬಾಯಿಗೆ ಹಾಕಿಕೊಂಡರು.

ಮದುವೆಯಾಗಿ ನಾಲ್ಕು ವರ್ಷ. ಅಳಿಯನ ಮೇಲಿನ ಅನುಮಾನ ಹೋಯಿತೆಂದು ತಿಳಿಯಬೇಡಿರಿ. ಪ್ರತಿ ಸಲ ಹೋದಾಗಲೂ ಮೊದಲು ಹಿಂದಿನ ಶೆಡ್ಡಿಗೆ ಹೋಗಿ, ಕುಳ್ಳು ಒಣಗಿದೆಯೋ ಇಲ್ಲವೋ ಮುರಿದು ನೋಡಿ, ಆಮೇಲೆಯೇ ಮುಂದೆ ಬಂದು ಕುಳಿತುಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಕಡೆಯ ವಾರ ಅಳಿಯ ಗಂಜಿ ತಂದು ಕುಡಿಸಲು ಹೋದರೆ, "ಮೊದಲ ನೀ ಕುಡಿ," ಎಂದರು. ಅಳಿಯ ನಗುತ್ತ ಒಂದು ಚಮಚ ಕುಡಿದು ತೋರಿಸಿದ. "ಹೆಂಗೈತಿ?" "ಸಪ್ಪಗ ಐತ್ರಿ ಮಾವಾರ." "ಹಾಂ, ಖರೆ ಹೇಳಿದಿ," ಎಂದು ಬಾಯಿ ತೆರೆದರು.

ಹೋದ ವಾರ ನಾನು ಒಬ್ಬನೇ ಅಲ್ಲಿಗೆ ಹೋಗಿದ್ದೆ. ಬೋರ್ಡಿನಲ್ಲಿ ಇದ್ದಿಲು ಎಂಬಲ್ಲಿ ಕುಳ್ಳು ಎಂದು ಬರೆಸಿದ್ದಾರೆ. ಗಿರಾಕಿ ಹೆಚ್ಚಾಗಿದ್ದಾರೋ ಕಡಿಮೆಯಾಗಿದ್ದಾರೋ ನನಗೆ ತಿಳಿಯಲಿಲ್ಲ, ಇದ್ದರು. ಶೆಡ್ಡಿನ ಪರದೆ ತೆಗೆದಿದ್ದಾರೆ. ಮಿಸ್ತ್ರಿಯವರ ಮಗಳು ತಾನೇ ಭರ್ತ, ರೊಟ್ಟಿ ತಂದಿಟ್ಟಳು. ಬಾಗಿಲಿಗೆ ಮುಖ ಮಾಡಿದ ಮಿಸ್ತ್ರಿಯವರ ಕುರ್ಚಿಯನ್ನು ಬಿಟ್ಟು ನಾನು ಎದುರಿನದರಲ್ಲಿ ಕುಳಿತಿದ್ದೆ. ಒಂದು ತುತ್ತು ಬಾಯಿಗೆ ಹಾಕಿಕೊಂಡು, ಜಗಿದು, ನುಂಗಿ, ರೂಢಿಯ ಮೇಲೆ ಖಾಲಿ ಕುರ್ಚಿಯ ಕಡೆ ನೋಡಿ, ಕೇಳಲಿ ಎಂದು ಕಾಯುತ್ತ ಕುಳಿತೆ. ತಾಟು ಹಾಗೆಯೇ ಇರುವುದನ್ನು ಕಂಡು ಅವಳು ಬಂದು ನಿಂತಳು.

"ಹೆಂಗೈತ್ರಿ ಕಾಕಾ?" ಅಂದಳು.

"ಛಲೋ ಐತಿವಾ," ಅಂದೆ. ಆಮೇಲೆ ಉಂಡೆ.

ನಿಮ್ಮ ಬಳಗದಲ್ಲಿ, ನೀವು ದುಡಿಯುವ ಜಾಗದಲ್ಲಿ ಇಂಥ ಅನುಮಾನದ ಮನುಷ್ಯರು ಇದ್ದಿರಬೇಕು. ನಿಮ್ಮನ್ನು ನಳ ಬಿಟ್ಟು ನೋಡಿದವರು, ಮೊದಲ ತುತ್ತನ್ನು ನಿಮಗೆ ತಿನ್ನಿಸಿ ನೋಡಿದವರು. ಅವರ ಸಂಗತಿಯನ್ನು ನೀವೂ ಬರೆದು ಕಳಿಸಿರಿ. ದೊಡ್ಡದಾಗಿ ಬೇಡ, ನಾಲ್ಕು ಸಾಲು ಸಾಕು. ನಾನು ಓದುವುದು ನಿಧಾನ, ಆದರೆ ಎರಡು ಸಲ ಓದುತ್ತೇನೆ.